ಭಿನ್ನವಾದದ್ದು ಮನೆಯಲ್ಲಿರಬಾರದು

ಅಚ್ಚಮ್ಮ ಎನ್ನುವುದು ಅವಳ ನಿಜವಾದ ಹೆಸರಲ್ಲ. ಹಲ್ಲಿನ ಡಾಕ್ಟರುಗಳಿಗೆ ಸೆಟ್ಟು ಮಾಡಿಕೊಡುವ ಒಂದು ಲ್ಯಾಬಿನಲ್ಲಿ ಇಪ್ಪತ್ತೆರಡು ವರ್ಷದಿಂದ ಅಚ್ಚು ಹೊಯ್ಯುತ್ತಿದ್ದಾಳೆಂದು ಅಲ್ಲಿಯವರು ಇಟ್ಟ ಹೆಸರು. ಬೆಳಿಗ್ಗೆ ಒಂಬತ್ತಕ್ಕೆ ಏಪ್ರನ್ ಕಟ್ಟಿಕೊಂಡು ನಿಂತಳೆಂದರೆ, ಯಾರದೋ ಬಾಯಿಂದ ತೆಗೆದ ಹಲ್ಲಿನ ಅಳತೆಯಚ್ಚನ್ನು ನಲ್ಲಿಯ ಕೆಳಗೆ ತೊಳೆದು, ರಬ್ಬರ್ ಬಟ್ಟಲಿನಲ್ಲಿ ಪ್ಲಾಸ್ಟರ್ ಕಲಸಿ, ಗುಳ್ಳೆ ಏಳದ ಹಾಗೆ ತಟ್ಟಿ ತಟ್ಟಿ ಹೊಯ್ದು, ಗಟ್ಟಿಯಾದ ಮೇಲೆ ಬಿಡಿಸಿ ಸಾಲಾಗಿ ಇಡಬೇಕು. ಬಿಡಿಸುವಾಗ ಒಂದು ಹಲ್ಲು ಮುರಿದರೆ ಅಂಟಿಸಿ ಉಜ್ಜಬೇಕು. ಅಂಟಿಸಿದ ಕಡೆ ಕೂದಲೆಳೆಯಷ್ಟು ಗೆರೆ ಉಳಿದರೂ ಅವಳ ಹೆಬ್ಬೆರಳಿಗೆ ಗೊತ್ತಾಗಿಬಿಡುತ್ತದೆ, ಕಣ್ಣು ಬೇಕಾಗಿಯೇ ಇಲ್ಲ. ಊರಿನ ದೊಡ್ಡ ಮನುಷ್ಯರಲ್ಲಿ ಅರ್ಧ ಜನರ ನಗು ಅವಳ ಕೈ ದಾಟಿಕೊಂಡೇ ಹೋಗಿದೆ. ಹಾಗಾಗಿ ಹಲ್ಲು ಕಿರಿದು ಮಾತಾಡುವವರನ್ನು ಕಂಡರೆ ಅವಳಿಗೆ ಅಂಥ ಮರ್ಯಾದೆಯೇನೂ ಇಲ್ಲ.

ಅವಳ ಗಂಡನಿಗೂ ಬೀದಿಯವರು ಒಂದು ಹೆಸರಿಟ್ಟಿದ್ದರು, ಭಾವಾರ್ಥ ಎಂದು. ಶಾಲೆಯಲ್ಲಿ ಪದ್ಯ ಕೊಟ್ಟು ‘ಭಾವಾರ್ಥ ಬರೆಯಿರಿ’ ಅನ್ನುತ್ತಿದ್ದರಲ್ಲ, ಅದೇ. ಆತ ಕೆಲಸದಲ್ಲಿದ್ದಾಗ ಮನೆಮನೆಗೆ ಹೋಗಿ ನೀರಿನ ಮೀಟರ್ ಓದುತ್ತಿದ್ದವನು. ಇಪ್ಪತ್ತೊಂಬತ್ತು ವರ್ಷ ಬಗ್ಗಿ, ತೊಟ್ಟಿಯ ಮೂಲೆಯಲ್ಲಿ ಜೇಡನ ಬಲೆ ಸರಿಸಿ, ನಂಬರ್ ಬರೆದುಕೊಂಡು ಬಂದವನು. ಒಂದು ದಿನ ಯಾವುದೋ ಮನೆಯಲ್ಲಿ ಶೋಕೇಸಿನೊಳಗೆ ನಿಂತಿದ್ದ ಲಕ್ಷ್ಮಿಯನ್ನು ನೋಡಿ, ನಿಂತ ಲಕ್ಷ್ಮಿ ಎದ್ದು ಹೋಗುವ ಲಕ್ಷ್ಮಿ, ಮನೆಯಲ್ಲಿ ಕೂತವಳನ್ನೇ ಇಡಬೇಕು ಎಂದು ಸುಮ್ಮನೆ ಬಾಯಿಗೆ ಬಂದದ್ದು ಅಂದ. ಆ ಮನೆಯ ಯಜಮಾನರು ಒಳಗಿನಿಂದ ಕುರ್ಚಿ ತಂದು ಹಾಕಿದರು. ಮೀಟರ್ ಓದುವವನಿಗೆ ಅಲ್ಲಿಯವರೆಗೆ ಯಾರೂ ಕುರ್ಚಿ ಕೊಟ್ಟಿರಲಿಲ್ಲ. ಅವತ್ತು ಆ ಕುರ್ಚಿಯಲ್ಲಿ ಕೂತವನು ಮತ್ತೆ ಏಳಲೇ ಇಲ್ಲ ಅಂತಲೇ ಇಟ್ಟುಕೊಳ್ಳಿ.

ನಿವೃತ್ತನಾದ ಮೇಲೆ ಕೇಳಬೇಕೆ? ಮನೆಯ ಕೆಳಗಿನ ಕೋಣೆಯನ್ನು ವಿಗ್ರಹಗಳಿಗೆ ಬಿಟ್ಟುಕೊಟ್ಟ. ಮನೆಯೆಂದರೆ ಅದೇನು ಅರಮನೆಯಲ್ಲ. ಕೆಳಗೆ ಹಾಲು, ಅಡುಗೆಮನೆ, ಒಂದು ಕೋಣೆ, ಅದಕ್ಕೆ ಅಂಟಿಕೊಂಡ ಬಚ್ಚಲು. ಮೇಲೆ ಹೋಗಲು ಒಬ್ಬರೇ ಅಡ್ಡಡ್ಡ ಹತ್ತಬೇಕಾದ ಮೆಟ್ಟಿಲು, ಮೇಲೊಂದು ಮಲಗುವ ಕೋಣೆ, ಅಷ್ಟೆ. ಕೆಳಗಿನ ಕೋಣೆಯ ಕಿಟಕಿಯೊಂದರಲ್ಲೇ ಬಿಸಿಲು ಬರುತ್ತಿದ್ದುದು. ಅಲ್ಲಿ ಈಗ ನಲವತ್ತಮೂರು ಮೂರ್ತಿಗಳು. ಮಧ್ಯದಲ್ಲಿ ಮಂಚದಷ್ಟು ಅಗಲದ ಮೇಜು, ಅದರ ಮೇಲೆ ಸೊಂಟದೆತ್ತರದ ಗಣಪತಿ. ಯಾವುದೋ ಹೋಟೆಲಿನವರು ಮುಂಬಾಗಿಲು ಹೊಸದು ಮಾಡುವಾಗ ಹೊರಗೆ ಇಟ್ಟಿದ್ದನ್ನು ಆಟೋದಲ್ಲಿ ಹೇರಿಕೊಂಡು ಬಂದದ್ದು. ಬಂದವರಿಗೆಲ್ಲ ಅದು ಕಂಚಿನದು ಎಂದು ಹೇಳುತ್ತಿದ್ದ. ಅಚ್ಚಮ್ಮ ಮೊದಲ ದಿನವೇ ಉಗುರಿನಿಂದ ಒಮ್ಮೆ ತಟ್ಟಿ ನೋಡಿ, ತುಟಿ ಪಿಟಕ್ಕೆನ್ನದೆ ಒಳಗೆ ಹೋಗಿದ್ದಳು. ಪ್ಲಾಸ್ಟರ್ ಯಾವುದು ಕಂಚು ಯಾವುದು ಅಂತ ಅವಳಿಗೆ ಹೇಳಿಕೊಡಬೇಕೆ?

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಭಾವಾರ್ಥನ ಪ್ರವಚನ. ಏಳೆಂಟು ಜನ ಬರುತ್ತಿದ್ದರು. ಬ್ಯಾಂಕಿನಲ್ಲಿದ್ದು ರಿಟೈರಾದ ಮಹಾಶಯರೊಬ್ಬರು, ಅವರ ಹೆಂಡತಿ, ಔಷಧಿ ಅಂಗಡಿಯವನು, ಬೀದಿ ಕೊನೆಯ ದರ್ಜಿಯ ಹೆಂಡತಿ, ಹೀಗೆ. ಗಣಪತಿಯ ಮುಂದೆ ನಿಂತು ಆತ ಶುರು ಮಾಡುತ್ತಿದ್ದ. ಕಿವಿ ದೊಡ್ಡದು, ಬಾಯಿ ಸಣ್ಣದು. ಅಂದರೆ ಹೆಚ್ಚು ಕೇಳು, ಕಡಿಮೆ ಮಾತಾಡು. ಇದನ್ನು ಆತ ಯಾರಿಗೂ ಒಂದಕ್ಷರ ಬಾಯಿ ತೆರೆಯಲು ಬಿಡದೆ ಮುಕ್ಕಾಲು ಗಂಟೆ ಹೇಳುತ್ತಿದ್ದ, ಕೇಳುವವರು ಕೋಲೆಬಸವನ ಹಾಗೆ ತಲೆಯಾಡಿಸುತ್ತಿದ್ದರು. ಇಲಿಯೆಂದರೆ ಆಸೆ, ಅದನ್ನು ಕಾಲ ಕೆಳಗೆ ಇಟ್ಟುಕೊಳ್ಳಬೇಕು ಎಂದು ಹೇಳುತ್ತಲೇ ಅಚ್ಚಮ್ಮ ತಂದಿಟ್ಟ ತಟ್ಟೆಯಿಂದ ನಾಲ್ಕನೆಯ ಬಿಸ್ಕತ್ತಿಗೆ ಕೈ ಹಾಕುತ್ತಿದ್ದ. ಸರಸ್ವತಿಯ ಹಂಸ ಹಾಲನ್ನೂ ನೀರನ್ನೂ ಬೇರೆ ಮಾಡುತ್ತದೆ, ಅದೇ ವಿವೇಕ. ಆ ವಿವೇಕವಿದ್ದಿದ್ದರೆ ಅವರಲ್ಲಿ ಒಬ್ಬರೂ ಅಲ್ಲಿ ಕೂತಿರುತ್ತಿರಲಿಲ್ಲ.

ಒಂದು ಸಲ ಮಲಗಿದ ವಿಷ್ಣುವಿನ ಕಾಲೊತ್ತುವ ಲಕ್ಷ್ಮಿಯ ಮೂರ್ತಿ ತಂದ. ಹೆಂಡತಿ ಸೇವೆ ಮಾಡುವ ಮನೆಯಲ್ಲಿ ಸಂಪತ್ತು ನಿಲ್ಲುತ್ತದೆ ಎಂಬುದು ಅದರ ಸಂಕೇತ ಎಂದು ವಿವರಿಸಿ, ಸಂಜೆ ಕೆಲಸದಿಂದ ಬಂದವಳ ಕಡೆ ಎರಡೂ ಕಾಲು ಚಾಚಿದ. ಅಚ್ಚಮ್ಮ ಕೈಚೀಲ ಕೆಳಗಿಡುತ್ತ ಹೇಳಿದಳು, ‘ಅವನು ಮಲಗಿದ ಕಡೆಯಿಂದಲೇ ಮೂರು ಲೋಕ ನಡೆಸ್ತಾನೆ. ನೀವು ಮೊದಲು ಎದ್ದು ಆ ಸೋರೋ ನಲ್ಲಿ ನಿಲ್ಲಿಸಿ ಬನ್ನಿ, ಆಮೇಲೆ ನೋಡೋಣ.’ ಇಪ್ಪತ್ತೊಂಬತ್ತು ವರ್ಷ ಊರಿನ ನೀರು ಅಳೆದವನ ಮನೆಯ ನಲ್ಲಿ ಇವತ್ತಿಗೂ ಸೋರುತ್ತದೆ.

ದೇವರ ಮೇಲೆ ಅವಳಿಗೆ ಸಿಟ್ಟಿರಲಿಲ್ಲ, ಅದನ್ನು ಹೇಳಿಬಿಡಬೇಕು. ಅರ್ಥ ಹೇಳುವುದು ಗಂಡನ ಪಾಲಿಗೆ ಬಂದರೆ ಧೂಳು ಒರೆಸುವುದು ಇವಳ ಪಾಲಿಗೆ ಬಂದಿತ್ತು. ಶನಿವಾರ ಅರ್ಧ ದಿನದ ರಜೆ ಅದಕ್ಕೇ ಹೋಗುತ್ತಿತ್ತು. ಒದ್ದೆ ಬಟ್ಟೆ ಹಿಡಿದು ಒಂದೊಂದನ್ನೇ ಒರೆಸುವಾಗ ಅವುಗಳ ಜೊತೆ ಮಾತಾಡುತ್ತಿದ್ದಳು. ಪಾಪ, ಇಷ್ಟು ದೊಡ್ಡ ಕಿವಿ ಇಟ್ಟುಕೊಂಡು ನೀನು ಇವನನ್ನು ಕೇಳಬೇಕಲ್ಲಪ್ಪ ಎಂದು ಗಣಪತಿಗೆ ಸಮಾಧಾನ ಹೇಳುತ್ತಿದ್ದಳು. ಆ ಮೂರ್ತಿಗಳನ್ನು ಕಂಡರೆ ಅವಳಿಗೆ, ಒಂದೇ ಮನೆಗೆ ಕೊಟ್ಟ ಓರಗಿತ್ತಿಯರನ್ನು ಕಂಡ ಹಾಗೆ, ಒಳಗೊಳಗೇ ಒಂದು ಸಲುಗೆ ಇತ್ತು.

ಆತ ಹೇಳುವ ನಿಯಮಗಳಲ್ಲೆಲ್ಲ ಒಂದನ್ನು ಮಾತ್ರ ಆತ ಗಂಟಲು ಇಳಿಸಿ, ಕಣ್ಣು ಅರ್ಧ ಮುಚ್ಚಿ ಹೇಳುತ್ತಿದ್ದ. ಭಿನ್ನವಾದದ್ದು ಮನೆಯಲ್ಲಿರಬಾರದು. ವಿಗ್ರಹದ ಒಂದು ಬೆರಳು ಮುಕ್ಕಾದರೂ ಅದು ಭಿನ್ನ. ಭಿನ್ನವಾದದ್ದರಲ್ಲಿ ದೇವರಿರುವುದಿಲ್ಲ, ಅದನ್ನು ಇಟ್ಟುಕೊಂಡ ಮನೆಯಲ್ಲಿ ಕಳೆಯಿರುವುದಿಲ್ಲ. ಈ ಮಾತು ಕೇಳಿ ದರ್ಜಿಯ ಹೆಂಡತಿ ತನ್ನ ತಾಯಿ ಸಾಯುವ ಮುಂಚೆ ಕೊಟ್ಟಿದ್ದ ಅಂಗೈಯಗಲದ ಕೃಷ್ಣನನ್ನು ತಂದು ತೋರಿಸಿದ್ದಳು. ಕೊಳಲಿನ ತುದಿ ಒಂದಿಷ್ಟು ಮುರಿದಿತ್ತು. ಅದು ತಾಯಿಯ ಕಾಲದಲ್ಲೇ ಮುರಿದದ್ದು, ಅವರು ಅದನ್ನೇ ನಲವತ್ತು ವರ್ಷ ಇಟ್ಟುಕೊಂಡಿದ್ದರು ಎಂದು ಆಕೆ ಎಷ್ಟು ಹೇಳಿದರೂ ಭಾವಾರ್ಥ ಕಿವಿ ಮೇಲೆ ಹಾಕಿಕೊಳ್ಳಲಿಲ್ಲ. ಅದಕ್ಕೇ ನಿಮ್ಮ ತಾಯಿಗೆ ಅಷ್ಟು ಕಷ್ಟ ಎಂದುಬಿಟ್ಟ. ಆಕೆ ಕೃಷ್ಣನನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋಗಿ ಎಲ್ಲೋ ನೀರಿಗೆ ಬಿಟ್ಟು ಬಂದಳಂತೆ. ಆಮೇಲೆ ಎರಡು ವಾರ ಪ್ರವಚನಕ್ಕೆ ಬರಲಿಲ್ಲ. ಮೂರನೆಯ ವಾರ ಬಂದು ಹಿಂದಿನ ಸಾಲಿನಲ್ಲಿ ಕೂತಳು, ಕಣ್ಣು ಊದಿತ್ತು. ಥೂ, ಹೇಳುವವನಿಗೆ ಬುದ್ಧಿಯಿಲ್ಲದಿದ್ದರೆ ಕೇಳುವವರಿಗಾದರೂ ಬೇಡವೇ ಎಂದು ಅಚ್ಚಮ್ಮನಿಗೆ ಇಬ್ಬರ ಮೇಲೂ ಹೇಸಿಗೆಯಾಯಿತು.

ಇಷ್ಟರಲ್ಲಿ ಅಚ್ಚಮ್ಮನ ಅಕ್ಕ ಬಿದ್ದಳು.

ಈ ಅಕ್ಕನ ವಿಷಯ ಹೇಳಬೇಕು. ತಾಯಿ ಹೋದಾಗ ಅಕ್ಕನಿಗೆ ಹದಿನಾಲ್ಕು, ತಂಗಿಗೆ ಆರು. ಅಕ್ಕ ಅವತ್ತೇ ಶಾಲೆ ಬಿಟ್ಟು ಸಮವಸ್ತ್ರ ಹೊಲಿಯುವ ಕಾರ್ಖಾನೆ ಸೇರಿದಳು. ತಂಗಿಗೆ ಜಡೆ ಹಾಕಿದ್ದು, ಹೇನು ತೆಗೆದದ್ದು, ಅಚ್ಚು ಹೊಯ್ಯುವ ಕೋರ್ಸಿಗೆ ಸೇರಿಸಿದ್ದು, ಈ ಭಾವಾರ್ಥನಿಗೆ ಕೊಟ್ಟು ಮದುವೆ ಮಾಡಿದ್ದು ಎಲ್ಲ ಅವಳೇ. ಕೊನೆಯದೊಂದನ್ನು ಬಿಟ್ಟರೆ ಮಿಕ್ಕದ್ದರಲ್ಲಿ ಅವಳದು ತಪ್ಪಿಲ್ಲ. ತಾನು ಮದುವೆಯಾಗಲಿಲ್ಲ. ಈಗ ಅರವತ್ತು ದಾಟಿ ಲಿಫ್ಟಿಲ್ಲದ ಕಟ್ಟಡವೊಂದರ ಮೂರನೆಯ ಮಹಡಿಯಲ್ಲಿ ಒಬ್ಬಳೇ ಇದ್ದಳು. ಒದ್ದೆ ಮೆಟ್ಟಿಲಿನಲ್ಲಿ ಕಾಲು ಜಾರಿ ಸೊಂಟದ ಮೂಳೆ ಮುರಿಯಿತು. ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿ ರಾಡು ಹಾಕಿದರು. ಡಾಕ್ಟರು ಅಚ್ಚಮ್ಮನನ್ನು ಕರೆದು, ಮೂರು ತಿಂಗಳು ಮೆಟ್ಟಿಲು ಹತ್ತುವ ಹಾಗಿಲ್ಲ, ನೆಲದ ಮಟ್ಟದ ಕೋಣೆ, ಪಕ್ಕದಲ್ಲೇ ಬಚ್ಚಲು ಇರಬೇಕು, ಮೊದಲ ಕೆಲವು ವಾರ ಎಲ್ಲವೂ ಮಂಚದ ಮೇಲೇ ಎಂದರು. ಭಾನುವಾರ ಮನೆಗೆ ಕಳಿಸುತ್ತೇವೆ ಎಂದೂ ಹೇಳಿದರು.

ಅಂಥ ಕೋಣೆ ಇದ್ದದ್ದು ಎಲ್ಲಿ ಎಂದು ಹೇಳಬೇಕಾಗಿಲ್ಲ. ಬುಧವಾರ ಸಂಜೆ ಅಚ್ಚಮ್ಮ ಗಂಡನ ಹತ್ತಿರ ಕೇಳಿದಳು. ಮೂರ್ತಿಗಳನ್ನು ಮೂರು ತಿಂಗಳ ಮಟ್ಟಿಗೆ ಮೇಲಿನ ಕೋಣೆಗೆ ಸಾಗಿಸೋಣ, ನಾನೇ ಒಂದೊಂದಾಗಿ ಎತ್ತಿಡುತ್ತೇನೆ ಎಂದಳು. ಆತ ಮೊದಲು ದಿಕ್ಕಿನ ವಿಷಯ ತೆಗೆದ. ಆಮೇಲೆ ದೇವರಿಗೆ ಕೊಟ್ಟ ಜಾಗವನ್ನು ಹಿಂದಕ್ಕೆ ತೆಗೆದುಕೊಂಡವರ ಗತಿಯ ವಿಷಯ ತೆಗೆದ. ಅಕ್ಕನನ್ನು ನೋಡಿಕೊಳ್ಳಲು ಎಷ್ಟೊಂದು ಸಂಸ್ಥೆಗಳಿವೆ, ಅಲ್ಲಿ ಬಿಟ್ಟರೆ ಅವಳಿಗೂ ಬೇಜಾರಾಗುವುದಿಲ್ಲ ಎಂದ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಅಚ್ಚಮ್ಮ ತಾಳ್ಮೆಯಿಂದ ಎರಡನೆಯ ಸಲ ಕೇಳಿದಳು, ಜನ್ಮದಲ್ಲಿ ಮೊದಲ ಸಲ ಧ್ವನಿ ತಗ್ಗಿಸಿ, ಬೇಡುವವಳ ಹಾಗೆ ಕೇಳಿದಳು. ಆಗ ಆತ ಗಂಟಲು ಇಳಿಸಿ, ಕಣ್ಣು ಅರ್ಧ ಮುಚ್ಚಿದ.

‘ನೋಡು, ಅವರದು ಮೂಳೆ ಮುರಿದಿದೆ. ಒಂಥರಾ ಭಿನ್ನ ಆದ ಹಾಗೇ ಲೆಕ್ಕ. ಅಂಥದ್ದನ್ನ ತಂದು ದೇವರ ಕೋಣೇಲಿ ಮಲಗಿಸಿದ್ರೆ ಮನೆಗೆ ಒಳ್ಳೇದಲ್ಲ.’

ಅಚ್ಚಮ್ಮ ಅವನ ಮುಖವನ್ನೇ ನೋಡಿದಳು. ಇಪ್ಪತ್ತೇಳು ವರ್ಷ ಜೊತೆಗೆ ಬಾಳಿದ ಮನುಷ್ಯ, ಹೆಂಡತಿಯನ್ನು ಸಾಕಿ ಬೆಳೆಸಿದವಳನ್ನು ಮೂಗು ಮುರಿದ ಗೊಂಬೆಯ ಲೆಕ್ಕಕ್ಕೆ ಸೇರಿಸಿ, ಅದರಲ್ಲೂ ಒಂದು ತತ್ತ್ವ ಹೇಳಿದವನ ಹಾಗೆ ತೃಪ್ತನಾಗಿ ಕೂತಿದ್ದಾನೆ. ಅವಳಿಗೆ ಅಲ್ಲಿಯವರೆಗೆ ಅವನನ್ನು ಕಂಡರೆ ನಗು ಬರುತ್ತಿತ್ತು. ಅವತ್ತು ನಗು ಹೋಗಿ ಅಸಹ್ಯ ಬಂತು. ಊಟ ಬಡಿಸಿ, ತಾನು ಉಣ್ಣದೆ ಮೇಲೆ ಹೋಗಿ ಮಲಗಿದಳು. ಗುರುವಾರ ಲ್ಯಾಬಿನಲ್ಲಿ ಮಾಲೀಕರ ಹತ್ತಿರ ಒಂದು ತಿಂಗಳು ರಜೆ ಕೇಳಿದಳು. ಇಪ್ಪತ್ತೆರಡು ವರ್ಷದಲ್ಲಿ ಒಟ್ಟಿಗೆ ಇಷ್ಟು ರಜೆ ಕೇಳಿರಲಿಲ್ಲವಾದ್ದರಿಂದ ಅವರು ಮರುಮಾತಾಡದೆ ಕೊಟ್ಟರು.

ಶನಿವಾರ ಮಧ್ಯಾಹ್ನ ಒರೆಸುವ ಬಟ್ಟೆ ಹಿಡಿದು ಕೆಳಗಿನ ಕೋಣೆಗೆ ಹೋದಳು. ಆಸ್ಪತ್ರೆಯ ಓಡಾಟದಲ್ಲಿ ಎರಡು ವಾರ ಆ ಕಡೆ ತಲೆ ಹಾಕಿರಲಿಲ್ಲ. ಗೋಡೆಯ ಮಗ್ಗುಲಿನಿಂದ ಒರೆಸಿಕೊಂಡು ಮೇಜಿನ ಹತ್ತಿರ ಬಂದು ದೊಡ್ಡ ಗಣಪತಿಯ ಬಲಗೈಯನ್ನು ಹಿಡಿದಳು. ಅಂಗೈ ಎದುರಿಗೆ ಹಿಡಿದು, ಹೆದರಬೇಡ ಎಂದು ಹೇಳುವ ಕೈ ಅದು. ಹೆಬ್ಬೆರಳು ಮಣಿಕಟ್ಟಿನ ಮೇಲೆ ಜಾರಿದಾಗ ನಿಂತಿತು. ಗೆರೆ. ಕಣ್ಣಿಗೆ ಕಾಣದಂತೆ ಮೇಲೆ ಕಂದು ಬಣ್ಣ ಬಳಿದಿದ್ದರು. ಇನ್ನೊಂದು ಸಲ ಸವರಿದಳು. ಸುತ್ತಲೂ ಗೆರೆ. ಕೈ ಪೂರಾ ಮುರಿದು, ಅಂಟು ಹಾಕಿ ಕೂರಿಸಿದ್ದು; ಅದೂ ಅಡ್ಡಾದಿಡ್ಡಿ ಕೆಲಸ, ಅವಳ ಲ್ಯಾಬಿನಲ್ಲಿ ಹೊಸದಾಗಿ ಸೇರಿದವರೂ ಹಾಗೆ ಮಾಡುವುದಿಲ್ಲ. ಕಿಟಕಿಯ ಕಂಬಿಯ ಮೇಲೆ ಅದೇ ಬಣ್ಣದ ಒಂದು ಗೀರು ಕೂಡ ಇತ್ತು. ಯಾರೋ ಫೋಟೋ ತೆಗೆದುಕೊಳ್ಳಲೆಂದು ಮೂರ್ತಿಯನ್ನು ಕಿಟಕಿಯ ಬೆಳಕಿಗೆ ಎಳೆದು ತಿರುಗಿಸಿದ್ದೆ ಎಂದು ಹೋದ ವಾರ ಆತನೇ ಹೇಳಿಕೊಂಡಿದ್ದ.

ಅಂದರೆ ಮುಕ್ಕಾದ ಕೊಳಲಿಗೆ ಒಬ್ಬ ಹೆಂಗಸಿನ ಕೈಯಿಂದ ತಾಯಿಯ ನೆನಪನ್ನೇ ನೀರಿಗೆ ಹಾಕಿಸಿದವನು, ತನ್ನದು ಮುರಿದಾಗ ಅಂಗಡಿಗೆ ಹೋಗಿ ಅಂಟು ತಂದಿದ್ದ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಅಚ್ಚಮ್ಮ ಬಟ್ಟೆಯನ್ನು ಹಿಂಡಿ, ಮಿಕ್ಕ ಮೂರ್ತಿಗಳನ್ನೂ ನೆಟ್ಟಗೆ ಒರೆಸಿ ಮುಗಿಸಿದಳು.

ಭಾನುವಾರ ಪ್ರವಚನ ಅರ್ಧಕ್ಕೆ ಬಂದಿತ್ತು. ಹನ್ನೊಂದು ಗಂಟೆಗೆ ಆಸ್ಪತ್ರೆಯ ವ್ಯಾನು ಬಾಗಿಲಲ್ಲಿ ನಿಂತಿತು. ಇಬ್ಬರು ಗಂಡಾಳುಗಳು ಅಕ್ಕನನ್ನು ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ಹಾಲಿನೊಳಗೆ ಬಂದರು, ಹಿಂದೆ ಅಚ್ಚಮ್ಮ ಕೈಯಲ್ಲಿ ಔಷಧಿಯ ಚೀಲ ಹಿಡಿದುಕೊಂಡು ಬಂದಳು. ಅಕ್ಕ ಬಿಳುಚಿಕೊಂಡಿದ್ದಳು, ಒಂದೊಂದು ಅಲುಗಾಟಕ್ಕೂ ಹಲ್ಲು ಕಚ್ಚುತ್ತಿದ್ದಳು. ತಾನು ಇಲ್ಲಿಗೆ ಬೇಡದವಳು ಎಂದು ಅವಳಿಗೆ ತಿಳಿದಿರಲಿಲ್ಲ. ಅದು ಅವಳ ಕಿವಿಗೆ ಬೀಳಬಾರದು ಎಂಬುದೊಂದೇ ಅಚ್ಚಮ್ಮನ ಎದೆಯಲ್ಲಿದ್ದ ಭಯ. ಭಾವಾರ್ಥ ಕೋಣೆಯ ಬಾಗಿಲಿಗೆ ಅಡ್ಡ ನಿಂತು, ಬಂದವರ ಮುಂದೆ ನಗುತ್ತಲೇ, ಸದ್ಯ ಇಲ್ಲೇ ಹಾಲಿನಲ್ಲಿ ಕೂತು ಸುಧಾರಿಸಿಕೊಳ್ಳಲಿ, ಆಮೇಲೆ ಬೇರೆ ಕಡೆ ವ್ಯವಸ್ಥೆ ಮಾಡೋಣ ಎಂದ.

ಅಚ್ಚಮ್ಮ ಗಂಡನನ್ನು ಮೊಣಕೈಯಿಂದ ಸರಿಸಿ ಒಳಗೆ ಹೋಗಿ, ಔಷಧಿಯ ಚೀಲವನ್ನು ಬ್ಯಾಂಕಿನವರ ಮಡಿಲಲ್ಲಿಟ್ಟಳು. ಎಲ್ಲರೂ ನೋಡುತ್ತಿದ್ದ ಹಾಗೆ ಗಣಪತಿಯ ಬಲಗೈ ಹಿಡಿದು, ಗೆರೆಯಿದ್ದ ಕಡೆ ಹೆಬ್ಬೆರಳು ಒತ್ತಿದಳು. ಟಕ್ ಎಂದು ಕೈ ಕಳಚಿ ಬಂತು. ಒಳಗೆ ಬಿಳೀ ಪ್ಲಾಸ್ಟರ್, ಒಣಗಿದ ಹಳದಿ ಅಂಟು. ಅದನ್ನು ಔಷಧಿ ಅಂಗಡಿಯವನ ಮೂಗಿನ ಮುಂದೆ ಹಿಡಿದಳು, ಬ್ಯಾಂಕಿನವರ ಹೆಂಡತಿಯ ಮುಂದೆ ಹಿಡಿದಳು, ಕೊನೆಗೆ ದರ್ಜಿಯ ಹೆಂಡತಿಯ ಅಂಗೈಯಲ್ಲೇ ಇಟ್ಟಳು.

‘ಇದು ನಾನು ಮುರಿದಿದ್ದಲ್ಲ. ಈ ಎರಡು ವಾರದಲ್ಲಿ ಇವರೇ ಮುರಿದು ಅಂಟಿಸಿದ್ದು, ಬೇಕಾದ್ರೆ ಕೇಳಿ. ಭಿನ್ನ ಆಗಿದ್ದು ಮನೇಲಿರಬಾರದು ಅಂತ ಇವರೇ ಹೇಳಿದಾರೆ. ಸರಿ, ಹೋಗಲಿ.’

ಬ್ಯಾಂಕಿನವರು ಕಂಚು ಅಂದಿದ್ದರಲ್ಲ ಎಂದು ಗೊಣಗಿದರು. ಆ ಮನುಷ್ಯನಿಗೆ ಅಲ್ಲಿ ಕಂಡದ್ದು ಅದೊಂದೇ. ಭಾವಾರ್ಥ ಗಣಪತಿಗೆ ದಂತವೂ ಮುರಿದೇ ಇದೆಯಲ್ಲ, ಮುರಿಯುವುದೆಂದರೆ ತ್ಯಾಗದ ಸಂಕೇತ, ಅದರ ಅರ್ಥವೇ ಬೇರೆ ಎಂದು ಶುರು ಮಾಡಿದ. ಶುರು ಮಾಡಿದ್ದೇ ತಡ, ದರ್ಜಿಯ ಹೆಂಡತಿ ಎದ್ದು ನಿಂತಳು. ಮೂರು ವರ್ಷದಿಂದ ಆ ಮನೆಗೆ ಬಂದು ಹೋಗುತ್ತಿದ್ದವಳ ಧ್ವನಿಯನ್ನು ಅಲ್ಲಿ ಮಿಕ್ಕವರು ಸರಿಯಾಗಿ ಕೇಳಿದ್ದು ಅವತ್ತೇ.

‘ನಮ್ಮಮ್ಮನ ಕೃಷ್ಣನಿಗೆ ಈ ಅರ್ಥ ಯಾಕೆ ಇರಲಿಲ್ಲ?’

ಅಷ್ಟು ಕೇಳಿ, ಉತ್ತರಕ್ಕೆ ಕಾಯದೆ, ಸೆರಗು ಸೊಂಟಕ್ಕೆ ಸಿಕ್ಕಿಸಿ ಗಣಪತಿಯ ಒಂದು ಮಗ್ಗುಲು ಹಿಡಿದಳು. ಅಚ್ಚಮ್ಮ ಇನ್ನೊಂದು ಮಗ್ಗುಲು ಹಿಡಿದಳು. ಗಣಪತಿ ಹೂವಿನಷ್ಟು ಹಗುರವಾಗಿ ಎದ್ದು ಬಂದ. ನಾನು ಇದನ್ನು ನಮ್ಮ ಮನೆಯಲ್ಲಿಟ್ಟು ಕೈ ಸರಿ ಮಾಡಿಸಿಕೊಳ್ಳುತ್ತೇನೆ, ನನಗೆ ಭಿನ್ನವೇ ಇರಲಿ ಎಂದು ದರ್ಜಿಯ ಹೆಂಡತಿ ಹೇಳಿದಳು. ವ್ಯಾನಿನ ಗಂಡಾಳುಗಳು ಮೇಜು ಸರಿಸಿದರು. ಮಿಕ್ಕ ನಲವತ್ತೆರಡನ್ನು, ಇಷ್ಟು ವರ್ಷ ತಲೆಯಾಡಿಸಿದವರೇ ಒಂದೊಂದಾಗಿ ಎತ್ತಿಕೊಂಡು ಮೆಟ್ಟಿಲು ಹತ್ತಿದರು. ಹೇಳಿದ್ದು ಮಾಡುವುದೊಂದು ಅವರಿಗೆ ಚೆನ್ನಾಗಿ ರೂಢಿಯಾಗಿತ್ತು. ಒಂದು ಗಂಟೆಯ ಹೊತ್ತಿಗೆ ಕಿಟಕಿಯ ಹತ್ತಿರ ಮಂಚ ಬಿದ್ದು, ಅಕ್ಕ ಅದರ ಮೇಲೆ ಮಲಗಿದ್ದಳು. ಕೋಣೆ ಚೆನ್ನಾಗಿದೆ ಕಣೇ ಪುಟ್ಟಿ, ಬಿಸಿಲು ಬರತ್ತೆ, ನಿನ್ನ ಯಜಮಾನರಿಗೆ ತೊಂದರೆ ಆಯ್ತೇನೋ ಎಂದಳು. ಅವರಿಗೇನೂ ಇಲ್ಲ, ನೀನು ಮಾತ್ರೆ ನುಂಗು ಎಂದು ಅಚ್ಚಮ್ಮ ಮುಖ ಆ ಕಡೆ ತಿರುಗಿಸಿ ಕಣ್ಣೊರೆಸಿಕೊಂಡಳು.

ಇಲ್ಲಿಗೆ ಭಾವಾರ್ಥ ಮುಗಿದ ಅಂದುಕೊಂಡಿದ್ದರೆ ನಿಮಗೆ ಅಂಥವರ ಪರಿಚಯವಿಲ್ಲ ಅಂತ. ಒಂದು ವಾರ ಮೇಲಿನ ಕೋಣೆಯಲ್ಲಿ, ನಲವತ್ತೆರಡು ದೇವರ ನಡುವೆ ಕಾಲು ಚಾಚಲು ಜಾಗವಿಲ್ಲದೆ ಮಲಗಿದ್ದ. ಅಡುಗೆಮನೆಗೂ ಬಚ್ಚಲಿಗೂ ಓಡಾಡುವ ಹೆಂಡತಿಗೆ ಒಂದು ಲೋಟ ನೀರು ತಂದುಕೊಡಲಿಲ್ಲ; ಅಕ್ಕನ ಕೋಣೆಗೆ ಇಣುಕಿ ಹೇಗಿದ್ದೀರಿ ಎಂದು ಕೇಳಲಿಲ್ಲ. ಎರಡನೆಯ ಭಾನುವಾರದ ಹೊತ್ತಿಗೆ ಬ್ಯಾಂಕಿನವರೂ ಔಷಧಿ ಅಂಗಡಿಯವನೂ, ಜೊತೆಗೆ ಮೂವರು ಹೊಸಬರೂ ಬಂದು ಹಾಲಿನಲ್ಲಿ ಕೂತಿದ್ದರು. ಭಾವಾರ್ಥ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕೆಳಗಿಳಿದು ಬಂದ.

ಒಳಗೆ ಅಕ್ಕನನ್ನು ಮಗ್ಗುಲು ಹೊರಳಿಸುತ್ತಿದ್ದ ಅಚ್ಚಮ್ಮನಿಗೆ ಎಲ್ಲ ಕೇಳಿಸುತ್ತಿತ್ತು. ಕಲ್ಲು ಮಣ್ಣಿನ ದೇವರು ಸಂಕೇತ ಮಾತ್ರ, ನಿಜವಾದ ದೇವರು ನೊಂದವರಲ್ಲಿದ್ದಾನೆ ಎಂದು ಆತ ಹೇಳುತ್ತಿದ್ದ. ಅದಕ್ಕೇ ನಾನು ದೇವರ ಕೋಣೆಯನ್ನೇ ಬಿಟ್ಟುಕೊಟ್ಟೆ, ನಲವತ್ತಮೂರು ಮೂರ್ತಿ ತೆಗೆದು ಒಂದು ಜೀವಂತ ಮೂರ್ತಿಯನ್ನು ಮಲಗಿಸಿದೆ, ನನ್ನ ಹೆಂಡತಿಗೆ ಮೊದಲು ಒಪ್ಪಿಸುವುದೇ ಕಷ್ಟವಾಯಿತು ಎಂದ. ಹೊಸಬರಲ್ಲಿ ಒಬ್ಬಾಕೆ ಗದ್ಗದಳಾಗಿ ಎಂಥ ಮನಸ್ಸು ನಿಮ್ಮದು ಎಂದಳು. ಎಲ್ಲ ಕಣ್ಣಾರೆ ಕಂಡಿದ್ದ ಬ್ಯಾಂಕಿನವರು ಹೌದು ಹೌದು ಎಂದು ತಲೆಯಾಡಿಸಿದರು. ಆತ ಧ್ವನಿ ಇನ್ನೂ ತಗ್ಗಿಸಿ, ಆ ಕೋಣೆಯಲ್ಲಿ ನಡೆಯುವ ಒಂದೊಂದು ಸೇವೆಗೂ ಒಂದೊಂದು ಅರ್ಥವಿದೆ ಎಂದ.

ಅಕ್ಕನಿಗೂ ಕೇಳಿಸಿತ್ತು. ಅವಳು ತಂಗಿಯ ಮುಖ ನೋಡಿ, ತಾನೇ ಎಲ್ಲ ಅರ್ಥ ಮಾಡಿಕೊಂಡವಳ ಹಾಗೆ ಕೈ ಹಿಡಿದು, ಸುಮ್ಮನಿರೇ, ಜನ ಇದಾರೆ ಎಂದಳು. ಅಚ್ಚಮ್ಮ ಕೈ ಬಿಡಿಸಿಕೊಂಡಳು. ಅಕ್ಕನ ಹೊದಿಕೆ ಸರಿ ಮಾಡಿದಳು. ಮಂಚದಿಂದ ಆಗಷ್ಟೇ ತೆಗೆದಿದ್ದ ಬೆಡ್‌ಪ್ಯಾನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ತುಳುಕದ ಹಾಗೆ ನಿಧಾನವಾಗಿ ನಡೆದು ಹಾಲಿಗೆ ಬಂದಳು. ಗದ್ಗದಳಾಗಿದ್ದ ಹೊಸಬಳು ಸೆರಗಿನಿಂದ ಮೂಗು ಮುಚ್ಚಿಕೊಂಡು ಕುರ್ಚಿ ಹಿಂದಕ್ಕೆ ಎಳೆದಳು. ಅಚ್ಚಮ್ಮ ನೆಟ್ಟಗೆ ಗಂಡನ ಮುಂದೆ ಹೋಗಿ, ಆತ ಬೇಡ ಎಂದು ಎರಡೂ ಕೈ ಚಾಚುವಷ್ಟರಲ್ಲಿ ಅದನ್ನು ಆ ಕೈಗಳ ಮೇಲೆ ಇಟ್ಟಳು. ಚೆಲ್ಲೀತೆಂಬ ಭಯಕ್ಕೆ ಆತ ಗಟ್ಟಿಯಾಗಿ ಹಿಡಿದುಕೊಳ್ಳಲೇಬೇಕಾಯಿತು.

‘ಇದರ ಅರ್ಥ ಹೇಳಿ ಮುಗಿಸಿ, ತೊಳೆದು ತನ್ನಿ. ಅಕ್ಕನಿಗೆ ಮತ್ತೆ ಬೇಕಾಗತ್ತೆ.’